ಎಡಬದಿಯ ಬೇರಿಂಗ್

ಓವ್ಲಾನ ಶವವನ್ನು ಜಾರುಬಂಡಿಯಲ್ಲಿ ಮಲಗಿಸಿ ತಂದಾಗ ಅವನ ಕೈಗಳು ಎದೆಯ ಮೇಲೆ ಮುಷ್ಟಿಗಟ್ಟಿದ್ದವು. ಬಿಡಿಸಲು ಯಾರಿಂದಲೂ ಆಗಲಿಲ್ಲ. ಹಿಮಸಾರಂಗಗಳ ಮಂದೆಯತ್ತ ಹೊರಟಿದ್ದ ಅವನ ಸ್ನೋಮೊಬೈಲ್ ಫಿನ್‌ಮಾರ್ಕ್ ಹಿಮಬಯಲಿನ ನಡುವೆ ನಿಂತುಹೋಗಿತ್ತು. ಹಿಮದ ಮೇಲೆ ಅದನ್ನು ಓಡಿಸುವ ರಬ್ಬರ್ ಪಟ್ಟಿಯನ್ನು ಉರುಳಿಸುವ ಅಚ್ಚಿನ ಎಡಬದಿಯ ಬೇರಿಂಗ್ ಸುಟ್ಟು ಕಚ್ಚಿಕೊಂಡಿತ್ತು. ನಡೆದು ಬರುತ್ತ ಅವನು ಹೆಪ್ಪುಗಟ್ಟಿ ಸತ್ತಿದ್ದ.

ಆ ಬೇರಿಂಗಿಗೆ ಗ್ರೀಸ್ ತುಂಬಿದವನು ಅವನ ಮಗ ಮಾಹ್ತೆ. ಓವ್ಲಾನ ಅಣ್ಣ ಇಸ್ಸಾತ್ ತಮ್ಮನ ಅಡುಗೆಮನೆಯಲ್ಲಿ ಎಲ್ಲರೆದುರು ತೀರ್ಪು ಕೊಟ್ಟೇಬಿಟ್ಟ: ಸೋಮಾರಿತನದಿಂದ ಅಪ್ಪನನ್ನು ಕೊಂದವನಿಗೆ ಮಂದೆಯಲ್ಲಿ ಪಾಲಿಲ್ಲ, ಅವನು ಇಂದೇ ಹೊರಡಬೇಕು.

"ಹಳೇದು ಹೊರಗೆ ಬರೋತನಕ ಗ್ರೀಸ್ ಒತ್ತಿದ್ದೆ, ದೊಡ್ಡಪ್ಪ," ಎಂದ ಮಾಹ್ತೆ.

"ಒತ್ತಿದ್ನಂತೆ. ಬಾ, ನಿಮ್ಮಪ್ಪನ್ನೇ ಕೇಳೋಣ. ಒಳಗೇ ಮಲಗಿದಾನೆ."

ನಮ್ಮ ಹಳ್ಳಿಯ ಪೊಲೀಸ್ ಅಧಿಕಾರಿಣಿ ರಾವ್ದ್ನಾ. ನಾನು ಅವರ ಸಹಾಯಕ. ಅವರು ಅಂಗಳಕ್ಕೆ ನಡೆದರು. ಎಳೆದುತಂದಿದ್ದ ವಾಹನದ ಎಡಬದಿಯನ್ನು ನಾಯಿಯೊಂದು ನೆಕ್ಕುತ್ತಿತ್ತು. ನಾನು ಓಡಿಸಿದೆ; ಅದು ಮರಳಿ ಬಂದು ಅಲ್ಲಿಯೇ ನಾಲಿಗೆ ಚಾಚಿತು. ಬೇರಿಂಗಿನ ಕೆಳಗೆ ಇಳಿದಿದ್ದ ಜಿಡ್ಡನ್ನು ರಾವ್ದ್ನಾ ಒಂದು ತಗಡಿನ ಮುಚ್ಚಳಕ್ಕೆ ಬಳಿದುಕೊಂಡರು. ಚಳಿಗೆ ನನ್ನ ಬೂಟುಗಳ ಚರ್ಮ ಹಲಗೆಯಂತೆ ಸೆಟೆದು ಹೆಜ್ಜೆಹೆಜ್ಜೆಗೂ ಕಿರುಗುಟ್ಟುತ್ತಿತ್ತು. ಆ ಜಿಡ್ಡು ಮಾತ್ರ ಹರಿಯುತ್ತಿತ್ತು. ಇಸ್ಸಾತ್ ಬಂದು ಹಿಂದೆ ನಿಂತದ್ದು ನಮಗೆ ಕೇಳಿಸಲೇ ಇಲ್ಲ.

ವಿಚಾರಿಸಿದಾಗ ಮಾಹ್ತೆ ಒಂದೇ ಸಂಗತಿ ಹೇಳಿದ: ಗ್ರೀಸ್ ತುಂಬಿದ ಮೇಲೆ ಅಪ್ಪ ವಾಹನವನ್ನು ದೊಡ್ಡಪ್ಪನ ಕೊಟ್ಟಿಗೆಯಲ್ಲಿ ಬಿಟ್ಟಿದ್ದರು, ಅಲ್ಲಿಂದಲೇ ಹೊರಟದ್ದು.

ರಾವ್ದ್ನಾ ಎಲ್ಲರನ್ನೂ ಅಡುಗೆಮನೆಯಲ್ಲಿ ಕೂರಿಸಿದರು. ಇಸ್ಸಾತನ ಜೊತೆಗೇ ವಾಸಿಸುವ, ಅಣ್ಣತಮ್ಮಂದಿರಿಬ್ಬರ ತಾಯಿ ಸಿರೆಯ ಮುಂದೆ ಮುಚ್ಚಳವಿಟ್ಟು, ಇದೇನೆಂದು ಕೇಳಿದರು. ಮುದುಕಿ ಬೆರಳಿನಿಂದ ಉಜ್ಜಿ ಮೂಸಿದಳು.

"ಸಾರಂಗದ ಗೊರಸಿನ ಮೂಳೆ ಮಜ್ಜೆ ಕಾಯಿಸಿದ ಎಣ್ಣೆ. ತೊಡೆ ಮೂಳೇದಾಗಿದ್ರೆ ಕಲ್ಲಾಗ್ತಿತ್ತು. ಗೊರಸಿಂದು ಎಂಥ ಚಳೀಲೂ ಗಟ್ಟಿ ಆಗಲ್ಲ. ಈಗ ಯಾರಮ್ಮ ಕಾಯಿಸ್ತಾರೆ? ನಮ್ಮ ಇಸ್ಸಾತ್ ಒಬ್ಬನೇ, ಬೂಟಿಗೆ ಹಚ್ಚೋಕೆ." ಆ ದನಿಯಲ್ಲಿ ಹೆಮ್ಮೆಯಿತ್ತು.

ರಾವ್ದ್ನಾ ವಿವರಿಸಿದರು: ನಾಯಿ ಯಂತ್ರದ ಗ್ರೀಸನ್ನು ನೆಕ್ಕುವುದಿಲ್ಲ, ಕೊಬ್ಬನ್ನು ನೆಕ್ಕುತ್ತದೆ. ಯಾರೋ ಬೇರಿಂಗಿನ ಮುಚ್ಚಳ ಎಬ್ಬಿಸಿ, ಮಾಹ್ತೆಯ ಗ್ರೀಸನ್ನು ಪೆಟ್ರೋಲಿನಿಂದ ತೊಳೆದಿದ್ದಾರೆ. ಒಣಗಿಸಿ ಬಿಟ್ಟರೆ ಅದು ಸದ್ದು ಮಾಡುತ್ತಿತ್ತು; ಹೊರಡುವ ಮೊದಲು ಹಿಂಬದಿಯನ್ನು ಎತ್ತಿ, ಪಟ್ಟಿಯನ್ನು ಕೈಯಿಂದ ತಿರುಗಿಸಿ ಕಿವಿಗೊಡುವುದು ಓವ್ಲಾನ ರೂಢಿ. ಈ ಎಣ್ಣೆ ಹಾಕಿದ್ದರಿಂದ ಸದ್ದು ಬರಲಿಲ್ಲ. ಬಯಲಿನಲ್ಲಿ ಬಿಸಿಯೇರಿದಂತೆ ಅದು ನೀರಾಗಿ ಸೋರಿತು; ಬೇರಿಂಗಿನೊಳಗಿನ ಗುಂಡುಗಳು ಒಣಗಿ ಕಚ್ಚಿಕೊಂಡವು. ಇಸ್ಸಾತನ ಸಾರಂಗದ ಮರಿಗಳ ಕಿವಿಗೆ ಓವ್ಲಾ ತನ್ನ ಒಡೆತನದ ಗುರುತು ಕೊಯ್ದು ತನ್ನ ಮಂದೆಗೆ ಸೇರಿಸಿಕೊಂಡದ್ದು ಊರಿಗೇ ಗೊತ್ತಿತ್ತು.

"ಮಂದೆ ಬಿಟ್ಟು ಹೊರಡ್ಬೇಕಾದವನು ಮಾಹ್ತೆ ಅಲ್ಲ," ಎಂದರು ರಾವ್ದ್ನಾ.

ಇಸ್ಸಾತ್ ಕಾಫಿ ಬಟ್ಟಲನ್ನು ಕೆಳಗಿಡಲಿಲ್ಲ. "ಅವನು ಕಿವಿ ಕೊಯ್ದ. ನಾನು ಅವನಿಗೆ ನಡೆಯೋದು ಕಲಿಸ್ದೆ."

"ಚೆನ್ನಾಗೇ ಕಲಿತಿದ್ದ. ಹೆಣ ಸಿಕ್ಕಿದ್ದು ನಿಮ್ಮ ಮನೆಯಿಂದ ಕೂಗಳತೇಲಿ," ಎಂದರು ರಾವ್ದ್ನಾ.

ಸಿರೆ ನಿಧಾನವಾಗಿ ಮಗನತ್ತ ತಿರುಗಿದಳು. "ಅವತ್ತು ಏನೋ ಕೂಗು ಕೇಳ್ತಲ್ಲೋ. ಬಾಗಿಲು ತೆಗೀಲಾ ಅಂದೆ. ನರಿ ಅಂದೆ ನೀನು."

"ಎರಡು ಸಲ ಕೂಗ್ದ," ಎಂದ ಇಸ್ಸಾತ್. "ಎರಡನೇ ಸಲ ಕೂಗಿದ್ದು ನಿನ್ನನ್ನೇ, ಅಮ್ಮ."