ಒಬ್ಬರೇ ಸಾಕು

ಹೊಸ ಫೋನು ಬಂತೆಂದು ಮೊದಲು ಖುಷಿಪಟ್ಟವಳು ಅವಳೇ.

ಆ ಹಲ್ಲಿನ ಆಸ್ಪತ್ರೆಯ ರಿಸೆಪ್ಷನ್‌ನಲ್ಲಿ ಅವಳೂ ಅವನೂ ಅಕ್ಕಪಕ್ಕ ಕೂರುತ್ತಿದ್ದರು. ಒಬ್ಬೊಬ್ಬರಿಗೆ ಒಂದೊಂದು ಹಳೆಯ ಫೋನು. ಎರಡೂ ಒಟ್ಟಿಗೆ ಬಡಿದುಕೊಂಡಾಗ ಅವಳು ಒಂದು ಕಿವಿ ಮುಚ್ಚಿಕೊಂಡು ಮಾತಾಡುವಳು. ಅವಳಿಗೆ ತೊಂದರೆಯಾಗದಿರಲೆಂದು ಅವನು ದನಿ ತಗ್ಗಿಸುವನು. ಅದನ್ನು ಅವಳು ಗಮನಿಸಿದ್ದಳು. ಗಮನಿಸಿದ್ದು ಗೊತ್ತಾಗದಂತೆ ಮುಖ ತಿರುಗಿಸುವುದನ್ನೂ ಕಲಿತಿದ್ದಳು.

ಹೊಸ ಫೋನು ಜೋಡಿಸಲು ಅಂಗಡಿಯವನು ನಾಳಿದ್ದು ಬರುತ್ತೇನೆ ಎಂದಾಗ, “ಅಲ್ಲೀತನಕ ನೀವ್ಯಾಕೆ ಒದ್ದಾಡ್ಬೇಕು?” ಎಂದು ಅವನೇ ವೈರು ಹಿಡಿದು ಮೇಜಿನ ಕೆಳಗೆ ತೂರಿದ.

“ನೋಡಿ, ನಾಲ್ಕು ಲೈನು, ನಾಲ್ಕು ದೀಪ. ಮೊದಲನೆಯದು ಬ್ಯುಸಿ ಇದ್ರೆ ಕಾಲ್ ತಾನಾಗೇ ಎರಡನೆಯದಕ್ಕೆ ಬರುತ್ತೆ. ಮಿಣುಕಿದ್ರೆ ರಿಂಗಾಗ್ತಿದೆ, ಸುಮ್ನೆ ಉರೀತಿದ್ರೆ ಮಾತು ನಡೀತಿದೆ ಅಂತ.”

“ಯಾರೂ ಎತ್ತದಿದ್ರೆ?”

“ಐದು ರಿಂಗ್ ಆದ್ಮೇಲೆ ಡಾಕ್ಟ್ರ ರೂಮಿಗೆ ಹೋಗುತ್ತೆ. ಆಮೇಲೆ ನಮಗೆ ಮಂಗಳಾರತಿ.”

ಅವಳು ನಕ್ಕು ಹೆಡ್‌ಸೆಟ್ ಹಾಕಿಕೊಂಡಳು. ಕೂದಲು ಸಿಕ್ಕಿಕೊಂಡಿತು. ಅವನ ಕೈ ಮುಂದೆ ಬಂದು ಗಾಳಿಯಲ್ಲೇ ನಿಂತಿತು.

“ಬಿಡಿಸ್ಲಾ?”

“ಕೇಳೋದೇನ್ರೀ, ನೋವಾಗ್ತಿದೆ.”

ಒಂದೆಳೆಯೂ ಕೀಳದಂತೆ ಅವನು ನಿಧಾನವಾಗಿ ಬಿಡಿಸಿದ. ಅಷ್ಟು ಹೊತ್ತೂ ಅವಳು ಉಸಿರು ಬಿಗಿಹಿಡಿದು ಎದುರಿನ ಗೋಡೆ ನೋಡುತ್ತಿದ್ದಳು.

ಆಮೇಲೆ ಪರೀಕ್ಷೆ. ಇಬ್ಬರು ನರ್ಸುಗಳು, ಮ್ಯಾನೇಜರ್, ಎಕ್ಸ್‌ರೇ ರೂಮಿನಿಂದ ಅವನು, ನಾಲ್ವರೂ ತಮ್ಮ ಮೊಬೈಲಿನಿಂದ ಒಟ್ಟಿಗೆ ಫೋನ್ ಮಾಡಿದರು. ಅವಳು ಒಬ್ಬೊಬ್ಬರ ಫೋನನ್ನೇ ಎತ್ತಿದಳು, ಕಾಯಲು ಹೇಳಿದಳು, ಒಬ್ಬರದನ್ನು ಡಾಕ್ಟರ ರೂಮಿಗೆ ಕಳಿಸಿದಳು. ನಾಲ್ಕನೆಯ ದೀಪದಲ್ಲಿ ಅವನಿದ್ದ.

“ಮೇಡಂ, ಬುದ್ಧಿಹಲ್ಲು ನೋವು.”

“ಎಷ್ಟು ದಿನದಿಂದ?”

“ಸುಮಾರು ದಿನ ಆಯ್ತು. ಪಕ್ಕದ ಕುರ್ಚಿ ಖಾಲಿ ಇದ್ದಾಗ ಜಾಸ್ತಿ.”

ಅವಳ ಕೆನ್ನೆ ಬಿಸಿಯಾಯಿತು. “ಕೀಳಿಸ್ಬೇಕಾಗುತ್ತೆ,” ಎಂದಳು, ದನಿ ಗಟ್ಟಿ ಮಾಡಿಕೊಂಡು.

“ಬೇಡ ಮೇಡಂ. ಇರಲಿ ಬಿಡಿ.”

ಅಷ್ಟರಲ್ಲಿ ಮ್ಯಾನೇಜರ್ ಕೌಂಟರಿಗೆ ಬಂದು ಚಪ್ಪಾಳೆ ತಟ್ಟಿದರು. “ಭೇಷ್! ಒಬ್ಬರೇ ಸಾಕಲ್ಲಮ್ಮ ಇದಕ್ಕೆ!”

ಹೊಗಳಿಕೆ ಎಂದುಕೊಂಡಳು. ಸಂಜೆ ಅವರು ಒಳಗೆ ಕರೆದಾಗ ಅರ್ಥವಾಯಿತು.

“ಸೆಟ್ಟಿಂಗ್ ಎಲ್ಲಾ ನಿಮ್ಮ ಪಕ್ಕದವರಿಗೆ ಗೊತ್ತು, ಅವರನ್ನೇ ಇಟ್ಕೊಳ್ತೀವಿ. ಕೆಟ್ಟರೆ ಹೊರಗಿನವರನ್ನ ಕರೆಸೋ ತಾಪತ್ರಯ ಇರಲ್ಲ. ನೀವು ತಿಂಗಳ ಕೊನೆವರೆಗೆ ಇರಿ.”

ಅಕ್ಕನ ಮನೆಯಲ್ಲಿ ಅವಳಿಗಿದ್ದದ್ದು ನಡುಮನೆಯ ದಿವಾನ್ ಮಂಚ. ಭಾವ ಟಿವಿ ಆರಿಸಿದ ಮೇಲೇ ಅವಳಿಗೆ ನಿದ್ದೆ. ಸಂಬಳ ತರುತ್ತಿದ್ದಳೆಂದು ಅಲ್ಲಿ ತಲೆ ಎತ್ತಿಕೊಂಡು ಓಡಾಡುತ್ತಿದ್ದಳು. ಇನ್ನು ಅದೂ ಇಲ್ಲ.

ಸುದ್ದಿ ಕೇಳಿ ಅವನ ಮುಖ ಬಿಳಿಚಿಕೊಂಡಿತು. ಟೀ ಮಾಡುವ ಮೂಲೆಯಲ್ಲಿ ಅವಳೆದುರು ಬಂದು ನಿಂತ.

“ನಾನು ಬಿಡ್ತೀನಿ. ನೀವಿರಿ. ನಿಮ್ಮ ಅನುಕೂಲಕ್ಕೆ ಅಂತ ಜೋಡಿಸಿದ್ದು, ನೋಡಿದ್ರೆ...”

“ನಿಮ್ಮಣ್ಣ ಹೋದ್ಮೇಲೆ ಅತ್ತಿಗೆ, ಮಕ್ಕಳು ನಿಮ್ಮ ಕೈಯನ್ನೇ ನೋಡ್ತಿದ್ದಾರೆ. ಅವರ ಹೊಟ್ಟೆಗೇನು ಹಾಕ್ತೀರಿ? ಫೋನಿನ ವೈರಾ?”

ಅವನು ತಲೆ ತಗ್ಗಿಸಿದ. ಆಮೇಲೆ ನೆಲ ನೋಡುತ್ತಲೇ ಹೇಳಿದ, “ಹಾಗಾದ್ರೆ ನಮ್ಮನೆಗೇ ಬಂದುಬಿಡಿ. ಮದುವೆ ಆಗೋಣ. ಆಗ ಫೋನಲ್ಲಿ ಹೇಳಿದ್ದು ತಮಾಷೆಗಲ್ಲ.”

ಇಷ್ಟು ದಿನ ಯಾವ ಮಾತಿಗೆ ಕಿವಿಗೊಟ್ಟು ಕೂತಿದ್ದಳೋ ಅದೇ ಮಾತು. ಅವಳಿಗೆ ಅಳು ಬಂತು, ಸಿಟ್ಟೂ ಬಂತು.

“ಹೇಳಿದ್ರಿ, ಸರಿ. ಕೆಲಸ ಹೋದ ದಿನವೇ ಹೇಳ್ಬೇಕಿತ್ತಾ?”

“ನಿಮಗೆ ಇಷ್ಟ ಇಲ್ವಾ?”

“ಇದೆ. ಅದೇ ಸಂಕಟ. ಈಗ ಹೂಂ ಅಂದ್ರೆ, ಗತಿಯಿಲ್ದೆ ಬಂದವಳು ಅನ್ನಿಸುತ್ತೆ. ನಿಮಗಲ್ಲ, ನನಗೆ. ಇವತ್ತು ಅಕ್ಕನ ಮನೆ ಮೂಲೆ, ನಾಳೆ ನಿಮ್ಮ ಮನೆ ಮೂಲೆ.”

ಕೊನೆಯ ದಿನ ಅವಳು ಚೀಲ ಹೆಗಲಿಗೇರಿಸಿ ಒಂದೇ ಮಾತು ಹೇಳಿದಳು. “ಬೆಳಿಗ್ಗೆ ಮೊದಲು ಫೋನ್ ಮಾಡೋ ಅಜ್ಜಿಗೆ ಬಾಯಲ್ಲಿ ಒಂದು ಹಲ್ಲೂ ಇಲ್ಲ. ಮಾತಿಗೆ ಯಾರೂ ಇಲ್ಲ ಅಂತ ಮಾಡ್ತಾರೆ. ಅವರನ್ನ ಹೋಲ್ಡ್‌ನಲ್ಲಿ ಇಡಬೇಡಿ.” ತಿರುಗಿ ನೋಡದೆ ಮೆಟ್ಟಿಲಿಳಿದಳು. ನೋಡಿದ್ದರೆ ಇಳಿಯಲಾಗುತ್ತಿರಲಿಲ್ಲ.

ಕೆಲಸ ಬೇಗ ಸಿಗಲಿಲ್ಲ. ಅಕ್ಕ ಏನೂ ಅನ್ನಲಿಲ್ಲ. ಭಾವ ಟಿವಿಯ ದನಿ ಜೋರು ಮಾಡಿದ. ಅವನು ಫೋನ್ ಮಾಡಿದಾಗೆಲ್ಲ ಅವಳು ಊಟ, ಹವೆ, ಅಜ್ಜಿ ಎಂದಷ್ಟೇ ಮಾತಾಡಿ ಇಟ್ಟುಬಿಡುವಳು.

ಮಳೆಗಾಲ ಮುಗಿದು ಛತ್ರಿಗಳೆಲ್ಲ ಒಳಗೆ ಸೇರಿದ್ದವು. ಅಂಥ ಒಂದು ಸಂಜೆ ಅವಳು ಮತ್ತೆ ಆಸ್ಪತ್ರೆಗೆ ಬಂದಳು. ನಾಲ್ಕೂ ದೀಪ ಉರಿಯುತ್ತಿದ್ದವು. ಅವನು ಸೊರಗಿಹೋಗಿದ್ದ, ಕಣ್ಣು ಗುಳಿಬಿದ್ದಿತ್ತು. ಪಕ್ಕದಲ್ಲಿ ಕುರ್ಚಿಯೇ ಇರಲಿಲ್ಲ. ಅವಳನ್ನು ಕಂಡು ಅರ್ಧ ಎದ್ದ. ಫೋನು ಬಿಡಲಿಲ್ಲ, ಮತ್ತೆ ಕೂತ. ಅವಳು ಹಲ್ಲುನೋವಿನವರ ಸಾಲಿನಲ್ಲಿ ಕೂತು ಕೊನೆಯ ದೀಪ ಆರುವವರೆಗೂ ಕಾದಳು.

“ಕೊರಿಯರ್ ಆಫೀಸಲ್ಲಿ ಕೆಲಸ ಸಿಕ್ತು. ರಾತ್ರಿ ಪಾಳಿ, ಸಂಬಳ ಇಲ್ಲಿಗಿಂತ ಕಮ್ಮಿ. ನೀವು ಮನೆಗೆ ಬರೋ ಹೊತ್ತಿಗೆ ನಾನು ಹೊರಡ್ಬೇಕು. ನಮ್ಮಿಬ್ಬರ ಭೇಟಿ ಬಾಗಿಲಲ್ಲೇ.” ಅವಳು ಕೌಂಟರಿನ ಮೇಲೆ ಎರಡೂ ಕೈ ಊರಿದಳು. “ಪರವಾಗಿಲ್ಲ ಅನ್ನೋದಾದ್ರೆ, ಅವತ್ತು ಕೇಳಿದ್ದನ್ನ ಈಗ ಕೇಳಿ.”

ಅವನು ಬಾಯಿ ತೆರೆದ. ದಿನವಿಡೀ ಊರಿಗೆಲ್ಲ ಮಾತಾಡಿ ಗಂಟಲು ಕಟ್ಟಿತ್ತು. ದನಿಯೇ ಹೊರಡಲಿಲ್ಲ. ಕಣ್ಣು ಮಾತ್ರ ತುಂಬಿಕೊಂಡಿತು.

“ನೀರು ಕುಡೀರಿ ಮೊದಲು,” ಎಂದಳು ಅವಳು. “ನಾನೆಲ್ಲೂ ಹೋಗಲ್ಲ.”