ಎಳೆದರೆ ಏರುವ ಹೆಲಿಕಾಪ್ಟರ್

"ಅವನ ಕೈಗೆ ಮಾತ್ರ ಕೊಡಬೇಡ!"

ವಿಲ್‌ಫ್ರೀಡ್ ಮೇಜು ಗುದ್ದಿದ ರಭಸಕ್ಕೆ ಪ್ಲಮ್ ಕೇಕಿನ ತಟ್ಟೆ ಜಿಗಿಯಿತು. ಎದುರಿಗಿದ್ದ ಮಗ ಯೋಖೆನ್ ಅರ್ಧ ಕಾಫಿ ಬಿಟ್ಟು, ಮೇಲಂತಸ್ತಿನ ತನ್ನ ಮನೆಗೆ ಎದ್ದುಹೋದ. ಸೊಸೆ ಹೈಕೆ ಕೇಳಿದ್ದಾದರೂ ಏನು? ಮಾವನ ರಿಮೋಟಿನಿಂದ ಹಾರಿಸುವ ಹಳೆಯ ಪುಟ್ಟ ಹೆಲಿಕಾಪ್ಟರನ್ನು ರಿಪೇರಿ ಮಾಡುತ್ತಿದ್ದೇನೆ, ಎಂಬತ್ತನೆಯ ಹುಟ್ಟುಹಬ್ಬಕ್ಕೆ ಅಪ್ಪ-ಮಗ ಇಬ್ಬರೂ ಹಾರಿಸಿ ಎಂದಿದ್ದಳು. ಅಷ್ಟೇ!

ಮೂವತ್ತಮೂರು ವರ್ಷದ ಹಿಂದೆ, ಇಂಥ ಪುಟ್ಟ ಯಂತ್ರ ಹಾರಿಸುವವರ ಕ್ಲಬ್ಬಿನ ಹುಲ್ಲುಗಾವಲಿನಲ್ಲಿ, ಅದು ಗಾಳಿಯಲ್ಲಿದ್ದಾಗಲೇ ವಿಲ್‌ಫ್ರೀಡ್ ರಿಮೋಟನ್ನು ಹದಿನಾರರ ಮಗನ ಕೈಗಿತ್ತಿದ್ದ. ಕ್ಲಬ್ಬಿನ ಯಂತ್ರದಲ್ಲಿ ಚೆನ್ನಾಗಿ ಕಲಿತಿದ್ದ ಹುಡುಗ. ಆದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅದು ನೆಲಕ್ಕಪ್ಪಳಿಸಿತು. "ಮೇಲೇರಿಸೋಕೇ ನೋಡಿದೆ ಅಪ್ಪಾ..." ಎಂದು ಹುಡುಗ ಅತ್ತ. "ನೀನೇ ಇಳಿಸಿದ್ದನ್ನ ಕಣ್ಣಾರೆ ನೋಡಿದೀನಿ. ಸುಳ್ಳ!" ಎಂದ ಅಪ್ಪ, ಎಲ್ಲರೆದುರು. ಅಂದಿನಿಂದ ಯೋಖೆನ್ ಯಂತ್ರ ಮುಟ್ಟಲಿಲ್ಲ. ಒಂದೇ ಮನೆ, ಎರಡು ಅಂತಸ್ತು, ಮಾತೆಲ್ಲ ಹೈಕೆಯ ಮೂಲಕ. ಇಂಥ ಹಟಮಾರಿಗಳಿಗೆ ಏನು ಹೇಳೋಣ!

ಹೈಕೆ ಟೀವಿ ರಿಪೇರಿಯವನ ಮಗಳು. ನೆಲಮಾಳಿಗೆಯಲ್ಲಿ ಕೂತು ತುಕ್ಕು ತಿಕ್ಕಿದಳು, ಬೇರಿಂಗ್ ಬದಲಿಸಿದಳು, ಬಾಲ ಅಲುಗದಂತೆ ಹೊಸ ಜೈರೋ ಕೂರಿಸಿದಳು, ಹೊಸ ರಿಮೋಟನ್ನೂ ಹೊಂದಿಸಿದಳು. ಒಂದು ಬೆಳಗ್ಗೆ, ಮನೆಯೊಳಗೆ ಹಾರದಂತೆ ರೆಕ್ಕೆ ಕಳಚಿಟ್ಟು, ಮೇಜಿನ ಮೇಲೇ ಪರೀಕ್ಷಿಸಲು ಮಾವನನ್ನು ಕರೆದಳು.

"ಮೇಲೇರಿಸಿ ನೋಡೋಣ ಮಾವ."

ಮುದುಕ ರಿಮೋಟಿನ ಸ್ಟಿಕ್ಕನ್ನು ತನ್ನತ್ತ ಎಳೆದ. "ಇದೇನೇ, ರೆಕ್ಕೆಯ ಹಿಡಿ ಇಳಿಯೋ ಕಡೆಗೆ ತಿರುಗ್ತಾ ಇದೆ! ಉಲ್ಟಾ ಜೋಡಿಸಿದೀಯ."

"ಎಲ್ರದ್ದೂ ಮುಂದಕ್ಕೆ ತಳ್ಳಿದ್ರೆ ತಾನೇ ಏರೋದು?"

"ನನ್ನ ಹಳೇ ರಿಮೋಟಲ್ಲಿ ಎಳೆದ್ರೆ ಏರೋದು. ಯೋಖೆನ್ ಹುಟ್ಟೋಕ್ ಮುಂಚೇನೇ ಒಳಗಿನ ತಂತಿ ಅದಲು ಬದಲು ಮಾಡ್ಕೊಂಡಿದ್ದೆ."

ಹೈಕೆ ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಅವತ್ತು... ಅವರಿಗೆ ಹೇಳಿದ್ರಾ ಮಾವ?"

ವಿಲ್‌ಫ್ರೀಡ್ ಹೇಳಿರಲಿಲ್ಲ. ಮಗ ಸ್ಟಿಕ್ ಮುಂದಕ್ಕೆ ತಳ್ಳಿದ್ದನ್ನು ಅವನು ನೋಡಿದ್ದು ನಿಜ. ಅಯ್ಯೋ, ಆ ಹುಡುಗ ಏರಿಸಲೆಂದೇ ತಳ್ಳಿದ್ದ!

ಮಂಡಿನೋವು ಮರೆತು ಮುದುಕ ಮೆಟ್ಟಿಲು ಹತ್ತಿದ. ಯೋಖೆನ್ ಬಾಗಿಲು ತೆರೆದ.

"ನೀನು ಸುಳ್ಳು ಹೇಳಿರ್ಲಿಲ್ಲ ಕಣೋ... ನನ್ನ ಸ್ಟಿಕ್ ಉಲ್ಟಾ ಅಂತ ನಾನು ಹೇಳ್ಲೇ ಇಲ್ಲ. ತಪ್ಪು ನಂದು!"

ಯೋಖೆನ್ ಬಾಗಿಲಿಗೆ ಒರಗಿದ. "ನನ್ನ ಕೈಯನ್ನೇ ನಾನು ನಂಬದೆ ಹೋದೆನಲ್ಲಪ್ಪಾ... ಇಷ್ಟು ವರ್ಷ!"

ಇಬ್ಬರೂ ಅತ್ತರು. ಹಿಂದೆಯೇ ಬಂದಿದ್ದ ಹೈಕೆ ಮೂಗೊರೆಸಿಕೊಂಡು ಕೇಳಿದಳು, "ಈಗ ರಿಮೋಟ್ ಹೇಗಿಡ್ಲಿ? ತಳ್ಳಿದ್ರೆ ಏರೋ ಹಾಗಾ, ಎಳೆದ್ರೆ ಏರೋ ಹಾಗಾ?"

"ಅವನ ಥರಾನೇ ಇರ್ಲಿ," ಎಂದ ವಿಲ್‌ಫ್ರೀಡ್.

"ನಿಮ್ಮ ಕೈಗೆ ಒಗ್ಗಲ್ಲ ಮಾವ. ಇನ್ನೊಂದೇ ಒಂದ್ಸಲ ಹಾರಿಸ್ಬೇಕು ಅಂತ ಕಾದಿದ್ರಿ! ಬೇಕಾದಾಗ ಬದಲಿಸೋ ಹಾಗೆ ಎರಡೂ ಥರ ಇಡ್ಲಾ?"

"ಬೇಡಮ್ಮ. ಎರಡು ಥರ ಆಗಿದ್ದಕ್ಕೇ ಅವತ್ತು ಮನೆ ಮುರೀತು."

ಎರಡು ತಿಂಗಳು ಯೋಖೆನ್ ಅಭ್ಯಾಸ ಮಾಡಿದ. ಹುಟ್ಟುಹಬ್ಬದ ದಿನ ಕ್ಲಬ್ಬಿನವರೆಲ್ಲ ನೆರೆದರು. ಅವನು ಸ್ಟಿಕ್ ಮುಂದಕ್ಕೆ ತಳ್ಳಿದ, ಹೆಲಿಕಾಪ್ಟರ್ ಏರಿತು. ಪಕ್ಕದಲ್ಲಿ ಬರಿಗೈಯಲ್ಲಿ ನಿಂತಿದ್ದ ವಿಲ್‌ಫ್ರೀಡ್ ಜನರತ್ತ ತಿರುಗಿದ.

"ಎಲ್ರೂ ಕೇಳಿ! ಅವತ್ತು ಇದನ್ನ ಬೀಳ್ಸಿದ್ದು ನಾನು. ನನ್ನ ಮಗ ಅಲ್ಲ!"

"ಅಪ್ಪಾ, ಸುಮ್ನಿರಿ..." ಯೋಖೆನ್ ಹೆಲಿಕಾಪ್ಟರಿನಿಂದ ಕಣ್ಣು ಕೀಳದೆ ಹೇಳಿದ. "ಕಣ್ಣು ಮಂಜಾಗ್ತಿದೆ. ಇದು ಎಲ್ಲಿದೆ ಅಂತಾನೇ ಕಾಣಿಸ್ತಿಲ್ಲ!"