ದಿಂಬಿನೊಳಗಿನ ಸಿಂಬೆ

"ಆ ದಿಂಬಿಗೆ ಯಾರೂ ತಲೆ ಕೊಡಬಾರ್ದಮ್ಮ. ಬೀರುವಲ್ಲೇ ಬಿದ್ದಿರ್ಲಿ," ಎಂದಳು ಒಟ್ಟೀಲಿಯಾ. ಲೂಸರ್ನ್ ಸರೋವರದ ದಂಡೆಯ ಆ ಹಳೆಯ ವೈಭವದ ಹೋಟೆಲಿನಲ್ಲಿ ನಲವತ್ತು ವರ್ಷ ಹಾಸಿಗೆ-ಹೊದಿಕೆ ನೋಡಿಕೊಂಡಿದ್ದ ಮುದುಕಿ ಅವಳು.

ವಸಂತ ಬಂದೊಡನೆ ದಿಂಬುಗಳನ್ನೆಲ್ಲ ಬಿಚ್ಚಿ, ಹೆಬ್ಬಾತಿನ ಗರಿ ತೊಳೆದು ಒಣಗಿಸಿ ಮತ್ತೆ ತುಂಬುವುದು ಅಲ್ಲಿಯ ರೂಢಿ. ಅದೊಂದನ್ನು ಮಾತ್ರ ಬಿಚ್ಚುತ್ತಿರಲಿಲ್ಲ. ಕೆಲಸದ ಹುಡುಗಿಯೊಬ್ಬಳನ್ನು ಕೆಡಿಸಿದ ಶ್ರೀಮಂತ ಅತಿಥಿಗೆಂದು ಅವಳ ತಾಯಿ ಹಿಂದೆಂದೋ ಮಂತ್ರ ಹಾಕಿ ಹೊಲಿದ ದಿಂಬು. ಅದರ ಮೇಲೆ ಮಲಗಿ ಅವನು ಉಸಿರುಗಟ್ಟಿ ಸತ್ತಿದ್ದ.

"ಹೆಬ್ಬಾತುಗಳೂ ಮಂತ್ರ ಕಲಿತಿದ್ವಾ?" ಹೊಸ ಮೇಲ್ವಿಚಾರಕಿ ರೆಗುಲಾ ನಕ್ಕಳು. ದಿಂಬು ಹೂವಿನಷ್ಟು ಮೆತ್ತಗಿತ್ತು. ನೌಕರರ ಕೋಣೆಗೆ ಒಯ್ದು, ಆರು ವರ್ಷದ ಮಗಳು ಸೆಲೀನಾಳ ತಲೆಯಡಿ ಇಟ್ಟಳು.

ಮೂರನೆಯ ದಿನ ಮಗುವಿಗೆ ಕೆಮ್ಮು. ಆಮೇಲೆ ವಾಸನೆ. ನೆನೆದ ಪುಕ್ಕದ, ಹಳಸಿದ ಎಂಜಲಿನ, ತೊಳೆಯದ ನೆತ್ತಿಯ ಜಿಡ್ಡಿನ ವಾಸನೆ. ಕಾಯಿಲೆಯ ನಾತವೆಂದುಕೊಂಡು ರೆಗುಲಾ ಕಿಟಕಿ ತೆರೆದಿಟ್ಟಳು. ವೈದ್ಯರಿಗೆ ಏನೂ ಸಿಗಲಿಲ್ಲ. ಒಂಬತ್ತನೆಯ ದಿನ ಮಧ್ಯಾಹ್ನ ಮಗುವಿನ ತುಟಿ ನೀಲಿಯಾಯಿತು.

ಕೂಗು ಕೇಳಿ ಒಟ್ಟೀಲಿಯಾ ಓಡಿಬಂದಳು. "ಅದನ್ನ ಇಲ್ಲಿಗೆ ತಂದ್ಯಾ, ಪಾಪಿ!"

ಕತ್ತರಿಯಿಂದ ಹೊಲಿಗೆ ಸೀಳಿದಳು. ಒಳಗೆ ಗರಿಗಳು ಸಿಂಬೆಯಂತೆ ಸುತ್ತಿಕೊಂಡಿದ್ದವು. ಕೀವಿನಂಥ ಲೋಳೆ. ನಡುನಡುವೆ ಸೆಲೀನಾಳ ಹೊಂಗೂದಲು. ಎರಡು ತುದಿಗಳು ಕೂಡಲು ಒಂದೇ ಬೆರಳಿನ ಅಂತರ. ರೆಗುಲಾ ನೋಡುತ್ತಿದ್ದಂತೆಯೇ ಒಂದು ಗರಿ ಮುಂದಕ್ಕೆ ತೆವಳಿತು.

"ಇದು ಕೂಡಿದ್ರೆ ಮಗು ಹೋಯ್ತು."

"ಒಲೆಗೆ ಹಾಕೋಣ!"

"ಇಷ್ಟು ಹಸಿ ಇರೋದು ಹತ್ತಲ್ಲ ತಾಯಿ. ಕೈಯಲ್ಲೇ ಹರೀಬೇಕು. ಹರಿದೋರ ಒಳಗೆ ಹೋಗಿ ಮತ್ತೆ ಹೆಣ್ಕೊಳ್ಳುತ್ತೆ." ಮುದುಕಿ ಹಿಂದೆ ಸರಿದಳು. "ನನ್ ಕಡೆ ನೋಡ್ಬೇಡ. ನನ್ ಕೈಲಾಗಲ್ಲ."

ಮಗುವಿನ ಎದೆ ಏಳಲಿಲ್ಲ.

ರೆಗುಲಾ ಎರಡೂ ಕೈ ತೂರಿದಳು. ಬೆಚ್ಚಗಿತ್ತು. ಮಿಡಿಯುತ್ತಿತ್ತು. ಉಗುರಿನ ಸಂದಿಗೆ ಲೋಳೆ ನುಗ್ಗಿತು. ಎಳೆದಳು. ಹರಿಯಲಿಲ್ಲ. ಬಾಯಿ ಹಾಕಿದಳು. ಹಲ್ಲಿನಿಂದ ಕಚ್ಚಿ ಜಗ್ಗಿದಳು. ಹರಿಯಿತು.

ಸೆಲೀನಾ ಉಸಿರೆಳೆದು ಜೋರಾಗಿ ಅತ್ತಳು.

ಮರುದಿನ ಬೆಳಿಗ್ಗೆ ಮಗು ಬೆಣ್ಣೆ ಸವರಿದ ಬ್ರೆಡ್ಡನ್ನು ಕೇಳಿ ಕೇಳಿ ತಿಂದಿತು. ಎದುರು ಕೂತ ತಾಯಿ ತುಟಿ ಬಿಗಿಹಿಡಿದಿದ್ದಳು. ಅವಳ ಗಂಟಲೊಳಗೆ ಏನೋ ನಿಧಾನವಾಗಿ ಒಂದು ಸುತ್ತು ಹೊರಳಿತು.

"ಅಮ್ಮಾ, ಏನು ಜಗೀತಿದ್ದೀಯ? ನಂಗೂ ಕೊಡು."

ರೆಗುಲಾ ಬೇಡವೆಂದು ತಲೆಯಾಡಿಸಿ, ಕುರ್ಚಿಯನ್ನು ಮಗಳಿಂದ ದೂರಕ್ಕೆ ಎಳೆದುಕೊಂಡಳು. ಅವಳ ತುಟಿಗಳ ನಡುವಿನಿಂದ ತೇವವಾದ ಬಿಳಿ ಗರಿಯ ತುದಿಯೊಂದು ಇಣುಕಿತು.